ಬಸುರಿಗೆ ಪುಸ್ತಕ ಕೊಳ್ತೀರಾ? ಮೊದಲು ಈ ಪುಟಗಳನ್ನ ತೆಗೆದು ನೋಡಿ

ಟೆಸ್ಟ್ ಪಾಸಿಟಿವ್ ಬಂತು ಅಂತ ಗೊತ್ತಾದ ಸ್ವಲ್ಪ ದಿನಕ್ಕೇ ಯಾರಾದ್ರೂ ಒಂದು ಪುಸ್ತಕ ತಂದು ಕೈಗಿಡ್ತಾರೆ, ಇಲ್ಲಾಂದ್ರೆ ನೀವೇ ಗಾಂಧಿನಗರದ ಸಪ್ನಾದಲ್ಲೋ ಚರ್ಚ್ ಸ್ಟ್ರೀಟಲ್ಲೋ ಶೆಲ್ಫ್ ಮುಂದೆ ನಿಂತಿರ್ತೀರಿ, ಸಾಲಾಗಿ ಪುಸ್ತಕ, ಎಲ್ಲದರ ಮುಖಪುಟದಲ್ಲೂ ಹೊಟ್ಟೆ ಮೇಲೆ ಕೈಯಿಟ್ಟು ನಗ್ತಿರೋ ಹೆಂಗಸು. ಮೊದಲ ಅಧ್ಯಾಯದಿಂದ ಓದೋಕೆ ಹೋಗ್ಬೇಡಿ, ಅಲ್ಲಿ ಎಲ್ಲರೂ ತಾಯ್ತನ ಎಂಥಾ ಭಾಗ್ಯ ಅಂತಲೇ ಬರೆದಿರ್ತಾರೆ. ಕೆಳಗೆ ಹೇಳಿರೋ ಪುಟಗಳಿಗೆ ನೇರ ಹೋಗಿ, ಹತ್ತು ನಿಮಿಷ ಸಾಕು, ಪುಸ್ತಕದ ಯೋಗ್ಯತೆ ಗೊತ್ತಾಗತ್ತೆ.

ಮೊದಲ್ನೇದು, ಮುದ್ರಣದ ವಿವರ ಇರೋ ಪುಟ. ಸಣ್ಣ ಅಕ್ಷರದಲ್ಲಿ ಇರತ್ತಲ್ಲ, ಅದು. "ಮೊದಲ ಮುದ್ರಣ 1996, ಹನ್ನೆರಡನೇ ಮುದ್ರಣ 2022" ಅಂತಿದ್ರೆ 2022ರ ಪುಸ್ತಕ ಅಂದ್ಕೋಬೇಡಿ, ಒಳಗಿರೋದು 1996ರದ್ದೇ, ಪೇಪರ್ ಮಾತ್ರ ಹೊಸದು. "ಪರಿಷ್ಕೃತ" ಅಂತ ಎಲ್ಲಾದ್ರೂ ಇದ್ಯಾ ನೋಡಿ. ಅನುಮಾನ ಇದ್ರೆ ಇಂಜೆಕ್ಷನ್ ಪುಟಕ್ಕೆ ಹೋಗಿ, ಬರೀ ಟಿಟಿ ಅಂತಷ್ಟೇ ಇದ್ರೆ ಹಳೇದು, ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಕೊಡೋದು ಟಿಡಿ, ಧನುರ್ವಾಯು ಜೊತೆಗೆ ಗಂಟಲಮಾರಿಗೂ ಸೇರಿಸಿರೋದು. ಹಳೇ ಪುಸ್ತಕ ಎಲ್ಲಾ ಕೆಟ್ಟದ್ದು ಅಂತ ಹೇಳ್ತಿಲ್ಲ ಮತ್ತೆ. ಸ್ವತಃ ಡಾಕ್ಟರ್ ಆಗಿದ್ದ ಅನುಪಮಾ ನಿರಂಜನ ಅವರ "ತಾಯಿ-ಮಗು" ನಿಮ್ಮ ಅಮ್ಮನ ಬೀರುವಲ್ಲೇ ಇರಬಹುದು, ಖಂಡಿತ ಓದಿ, ಆದ್ರೆ ಅವರು ತೀರಿಕೊಂಡಿದ್ದು 1991ರಲ್ಲಿ, ಆಮೇಲೆ ಬಂದ ಸ್ಕ್ಯಾನು ಲಸಿಕೆ ಇದಕ್ಕೆಲ್ಲ ಬೇರೆ ಪುಸ್ತಕಾನೇ ನೋಡ್ಬೇಕು.

ಎರಡನೇದು ಎಲ್ಲಕ್ಕಿಂತ ಮುಖ್ಯ, ಅಪಾಯದ ಲಕ್ಷಣಗಳ ಪುಟ. ರಕ್ತ ಹೋಗೋದು, ತಡೆಯಕ್ಕಾಗದ ತಲೆನೋವು ಜೊತೆಗೆ ಕಣ್ಣು ಮಂಜು, ಮುಖ ಕೈ ಊದೋದು, ಫಿಟ್ಸ್, ಜ್ವರ, ವಿಪರೀತ ಹೊಟ್ಟೆನೋವು, ನೀರು ಒಡೆದು ಹೋಗೋದು, ಮಗು ಆಡೋದು ಕಮ್ಮಿ ಆಗೋದು. ಇಷ್ಟೂ ಒಂದೇ ಕಡೆ ಇದ್ಯಾ? ಅರ್ಧರಾತ್ರಿ ನಿದ್ದೆಗಣ್ಣಲ್ಲಿ ಗಂಡ ಪುಟ ತಿರುವಿದ್ರೂ ಸಿಗೋ ಹಾಗಿದ್ಯಾ? ಮತ್ತೆ ಇನ್ನೊಂದು, ಈ ಲಕ್ಷಣ ಕಂಡ್ರೆ "ತಕ್ಷಣ ಆಸ್ಪತ್ರೆಗೆ ಹೋಗಿ" ಅಂತ ನೇರವಾಗಿ ಬರೆದಿದ್ಯಾ, ಇಲ್ಲಾ "ವಿಶ್ರಾಂತಿ ತಗೊಳ್ಳಿ, ಜೀರಿಗೆ ಕಷಾಯ ಕುಡೀರಿ" ಅಂತ ಇದ್ಯಾ. ಎರಡನೇ ಥರದ್ದಾದ್ರೆ ಅಲ್ಲೇ ಶೆಲ್ಫಲ್ಲಿ ಇಟ್ಟು ಬನ್ನಿ, ಮುಂದಿನ ಪುಟ ನೋಡೋದೇ ಬೇಡ.

ಮೂರನೇದು ಮಾತ್ರೆ ವಿಷಯ, ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ ಯಾಕಂದ್ರೆ ಬರೆದವರು ಎಷ್ಟು ತಿಳ್ಕೊಂಡಿದ್ದಾರೆ ಅನ್ನೋದು ಇಲ್ಲೇ ಗೊತ್ತಾಗೋದು. ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್, ನಾಲ್ಕನೇ ತಿಂಗಳಿಂದ ಐರನ್ ಮಾತ್ರೆ. ನಮ್ಮ ಸರ್ಕಾರಿ ಲೆಕ್ಕದಲ್ಲಿ ಒಂದು ಮಾತ್ರೇಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್, ದಿನಕ್ಕೊಂದರಂತೆ 180 ದಿನ, ಹೆರಿಗೆ ಆದ್ಮೇಲೂ 180 ದಿನ. ಇಷ್ಟನ್ನ ಬಹಳ ಪುಸ್ತಕ ಬರೀತವೆ. ಒಳ್ಳೇ ಪುಸ್ತಕ ಮುಂದಿಂದೂ ಹೇಳತ್ತೆ, ಮಾತ್ರೆ ನುಂಗಿದ ಹಿಂದೇನೇ ಕಾಫಿ ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತಲ್ಲ, ಕ್ಯಾಲ್ಸಿಯಂ ಮಾತ್ರೆ ಜೊತೇಲೂ ನುಂಗಬಾರದು, ನಿಂಬೆಹಣ್ಣಿನ ಪಾನಕದ ಜೊತೆ ಆದ್ರೆ ಒಳ್ಳೇದು, ಕಕ್ಕಸು ಕಪ್ಪಗಾದ್ರೆ ಹೆದರಬೇಡಿ. ಊಟ ಆದ್ಮೇಲೆ ಫಿಲ್ಟರ್ ಕಾಫಿ ಬೇಕೇ ಬೇಕು ಅನ್ನೋ ನಮ್ಮೋರಿಗೆ ಈ ಎರಡು ಸಾಲು ಇಡೀ ಒಂದು ಅಧ್ಯಾಯಕ್ಕಿಂತ ಮೇಲು.

ಇಂಗ್ಲಿಷ್ ಪುಸ್ತಕ ತಗೊಳ್ಳೋರು ಅದು ಯಾವ ದೇಶದವರಿಗೆ ಬರೆದಿದ್ದು ಅಂತ ನೋಡ್ಲೇಬೇಕು. ಶುಗರ್ ಟೆಸ್ಟ್ ಪುಟ ತೆಗೀರಿ, ಅಮೆರಿಕದ್ದಾದ್ರೆ ಸಾಮಾನ್ಯವಾಗಿ 50 ಗ್ರಾಂ ಗ್ಲೂಕೋಸ್ ಕುಡಿಸಿ ಒಂದು ಗಂಟೆಗೆ ರಕ್ತ ತೆಗೀತಾರೆ ಅಂತಿರತ್ತೆ, ನಮ್ಮ ಸರ್ಕಾರಿ ಪದ್ಧತೀಲಿ 75 ಗ್ರಾಂ, ಎರಡು ಗಂಟೆ, 140 ಅಥವಾ ಅದಕ್ಕಿಂತ ಜಾಸ್ತಿ ಬಂದ್ರೆ ಬಸುರಿನ ಸಕ್ಕರೆ ಕಾಯಿಲೆ. ಅಲ್ಲಿನ ನಂಬರ್ ಹಿಡ್ಕೊಂಡು ನಿಮ್ಮ ರಿಪೋರ್ಟ್ ನೋಡಿದ್ರೆ ಸುಮ್ನೆ ತಲೆಬಿಸಿ. ಊಟದ ಪಟ್ಟಿಯೂ ಅಷ್ಟೇ, ಯಾವ ಚೀಸ್ ತಿನ್ನಬಾರದು ಅಂತ ಎರಡು ಪುಟ, ರಾಗಿ ಮುದ್ದೆ ಬಸ್ಸಾರಿನ ಸುದ್ದೀನೇ ಇಲ್ಲ. ಸ್ಕ್ಯಾನಲ್ಲಿ ಗಂಡೋ ಹೆಣ್ಣೋ ತಿಳ್ಕೊಳ್ಳೋ ಬಗ್ಗೆ ಬೇರೆ ಬರೆದಿರ್ತಾರೆ, ಇಲ್ಲಿ ಅದನ್ನ ಕೇಳೋದೂ ಹೇಳೋದೂ 1994ರ ಕಾಯ್ದೆ ಪ್ರಕಾರ ಅಪರಾಧ.

ಹಾಗಂತ ಕನ್ನಡದ್ದೆಲ್ಲ ಕಣ್ಣುಮುಚ್ಚಿ ತಗೋಬೋದು ಅಂತಲ್ಲ. ಹೊಟ್ಟೆ ಮುಂದಕ್ಕೆ ಬಂದ್ರೆ ಗಂಡು, ಕೇಸರಿ ಹಾಲು ಕುಡಿದ್ರೆ ಮಗು ಬೆಳ್ಳಗೆ ಹುಟ್ಟತ್ತೆ, ಈ ಶ್ಲೋಕ ಕೇಳಿದ್ರೆ ಬುದ್ಧಿವಂತ ಆಗತ್ತೆ ಅಂತೆಲ್ಲ ಬರೆದಿರೋ ಪುಸ್ತಕಗಳಿಗೇನೂ ಬರ ಇಲ್ಲ. ಹಾಡು ಶ್ಲೋಕ ಕೇಳಿ ಮನಸ್ಸಿಗೆ ಹಿತ ಆದ್ರೆ ಕೇಳಿ, ಯಾರು ಬೇಡ ಅಂದ್ರು, ಆದ್ರೆ ಮಗು ಬಣ್ಣಕ್ಕೆ ಗ್ಯಾರಂಟಿ ಕೊಡೋರು ಮಾತ್ರೆ ವಿಷಯದಲ್ಲಿ ಸರಿಯಾಗಿ ಹೇಳ್ತಾರೆ ಅಂತ ನಂಗಂತೂ ನಂಬಿಕೆ ಇಲ್ಲ.

ಕೊನೇ ಅಧ್ಯಾಯ ಬಾಣಂತನದ್ದು. ಹೆರಿಗೆ ಆದ ಒಂದು ಗಂಟೆ ಒಳಗೆ ಎದೆಹಾಲು, ಮೊದಲು ಬರೋ ಗಟ್ಟಿ ಹಳದಿ ಹಾಲು ಚೆಲ್ಲಬಾರದು, ಆರು ತಿಂಗಳು ಜೇನು ನೀರು ಏನೂ ಬೇಡ. ಇಷ್ಟು ಇರಬೇಕು. ಬಾಣಂತಿಗೆ ನೀರು ಕೊಡಬೇಡಿ, ತರಕಾರಿ ಕೊಡಬೇಡಿ ಅಂತ ಇದ್ರೆ ಬಿಟ್ಟಾಕಿ. ಹೆರಿಗೆ ಆದ್ಮೇಲೆ ಸುಮ್ಸುಮ್ನೆ ಅಳು ಬರೋದು, ಮಗು ಕಂಡ್ರೆ ಬೇಜಾರಾಗೋದು, ಇದರ ಬಗ್ಗೆ ಒಂದು ಪುಟನಾದ್ರೂ ಇದ್ರೆ ಆ ಪುಸ್ತಕಕ್ಕೆ ನಾನು ಜಾಸ್ತಿ ಮಾರ್ಕ್ಸ್ ಕೊಡ್ತೀನಿ. ಅದು ಸೊಕ್ಕೂ ಅಲ್ಲ ದೃಷ್ಟಿಯೂ ಅಲ್ಲ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡ್ಬೋದು.

ಯಾರು ಓದ್ತಾರೆ ಅನ್ನೋದನ್ನೂ ಯೋಚಿಸಿ. ಏಳನೇ ತಿಂಗಳು ಸೀಮಂತ ಆಗಿ ತವರಿಗೆ ಹೋದ್ಮೇಲೆ ಪುಸ್ತಕ ಅಮ್ಮನ ಕೈಗೂ ಬರತ್ತೆ, ಅವರು ಇಂಗ್ಲಿಷ್ ಓದಲ್ಲ ಅಂದ್ರೆ ಕನ್ನಡದ್ದು ಒಂದು ಇರಲೇಬೇಕು, ಇಲ್ಲಾಂದ್ರೆ "ಪುಸ್ತಕದಲ್ಲಿ ಹಾಗಿದೆ ಅಮ್ಮಾ" ಅಂದ್ರೆ "ನಾವೇನು ಹೆತ್ತಿಲ್ವಾ" ಅಂತಾರೆ, ಮಾತು ಅಲ್ಲಿಗೇ ಮುಗೀತು.

ದುಡ್ಡು ಕೊಡೋ ಮುಂಚೆ ಇನ್ನೊಂದು ಕೆಲಸ, ಆಶಾ ಕಾರ್ಯಕರ್ತೆ ಅಥವಾ ಪಿಎಚ್‌ಸಿಯಲ್ಲಿ ಕೊಡೋ ತಾಯಿ ಕಾರ್ಡ್ ತೆಗೆದು ಓದಿ, ಅದು ಫ್ರೀ, ತಪಾಸಣೆ, ಲಸಿಕೆ, ಅಪಾಯದ ಲಕ್ಷಣ ಎಲ್ಲಾ ಅದರಲ್ಲೇ ಇದೆ. ಪುಸ್ತಕಕ್ಕೂ ಕಾರ್ಡಿಗೂ ತಾಳೆ ಆಗದಿದ್ರೆ ಡಾಕ್ಟರನ್ನ ಕೇಳಿ. ಪುಸ್ತಕ ತಂದ್ಮೇಲೆ ಹಿಂದಿನ ಖಾಲಿ ಪುಟದಲ್ಲಿ ಬ್ಲಡ್ ಗ್ರೂಪ್, ಡಾಕ್ಟರ್ ನಂಬರ್, ತವರೂರಿನ ಆಸ್ಪತ್ರೆ ನಂಬರ್, 108 ಇಷ್ಟೂ ದಪ್ಪ ಅಕ್ಷರದಲ್ಲಿ ಬರೆದಿಡಿ.