ಟ್ಯೂಷನ್ ಕ್ಲಾಸಿನ ಫಾರ್ಮ್ ಡೇಟಾ ಕಾನೂನಿಗೆ ಹೊಂದುವಂತೆ ಮಾಡುವುದು ಹೇಗೆ?

"ಸರ, ನಮ್ಮ ಕ್ಲಾಸಿಗೆ ಒಂದು ಪ್ರೈವಸಿ ಪಾಲಿಸಿ ಬರೆದು ಕೊಡ್ರಿ." ಬೆಳಗಾವಿಯ ಟ್ಯೂಷನ್ ಕ್ಲಾಸಿನವರು ವಕೀಲನಾದ ನನ್ನ ಬಳಿ ಬಂದು ಹೀಗೆ ಕೇಳಿದಾಗ, ಬರೆಯುವುದು ಕೊನೆಗೆ, ಮೊದಲು ನಿಮ್ಮ ಪ್ರವೇಶದ ಫಾರ್ಮ್ ತನ್ನಿ ಎನ್ನುತ್ತೇನೆ. ಬೇರೆಯವರ ಪಾಲಿಸಿ ನಕಲು ಮಾಡಿ ಹೆಸರು ಬದಲಿಸಿದರೆ ಕೆಲಸ ಆಗುವುದಿಲ್ಲ. ನೀವು ಮಾಡದ್ದನ್ನೆಲ್ಲ ಅದು ಮಾಡುತ್ತೇವೆ ಅನ್ನುತ್ತದೆ.

ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಹೆಚ್ಚಿನ ಹೊಣೆಗಳಿಗೆ 18 ತಿಂಗಳ ಸಮಯ ಕೊಟ್ಟಿದ್ದಾರೆ. ಸಣ್ಣ ಕ್ಲಾಸಿಗೂ ಕಾಯ್ದೆ ಅನ್ವಯಿಸುತ್ತದೆ. ಕಾಗದದ ಮೇಲೆ ತುಂಬಿಸಿಕೊಂಡು ಆಮೇಲೆ ಎಕ್ಸೆಲ್‌ಗೆ ಹಾಕಿದರೂ ಅಷ್ಟೇ.

ಮೊದಲು ಫಾರ್ಮನ್ನು ಮುಂದಿಟ್ಟುಕೊಂಡು ಪ್ರತಿ ಕಾಲಂ ಎದುರು "ಇದು ಯಾಕೆ ಬೇಕು?" ಎಂದು ಬರೆಯಿರಿ. ತಂದೆ ತಾಯಿಯ ಫೋನ್ ನಂಬರ್ ಬೇಕೇ ಬೇಕು, ಮಗು ಬರದಿದ್ದರೆ ತಿಳಿಸಬೇಕಲ್ವಾ. ಆಧಾರ್ ನಂಬರ್ ಯಾಕೆ? ಜಾತಿ, ತಂದೆಯ ಆದಾಯ ಯಾಕೆ? "ಮೊದಲಿಂದಲೂ ಐತ್ರಿ" ಎಂಬುದಷ್ಟೇ ಉತ್ತರವಾದರೆ ಆ ಕಾಲಂ ತೆಗೆದುಬಿಡಿ. ಹೇಳಿದ ಉದ್ದೇಶಕ್ಕೆ ಎಷ್ಟು ಬೇಕೋ ಅಷ್ಟಕ್ಕೆ ಮಾತ್ರ ಪಾಲಕರು ಕೊಟ್ಟ ಒಪ್ಪಿಗೆ ಸಲ್ಲುತ್ತದೆ. ಜೊತೆಗೆ, ತುಂಬಿದ ಫಾರ್ಮ್ ಎಲ್ಲೆಲ್ಲಿಗೆ ಹೋಗುತ್ತದೆ ಎಂದೂ ಬರೆದುಕೊಳ್ಳಿ. ರಿಸೆಪ್ಶನ್‌ನಲ್ಲಿ ಕೂರುವವರ ಸ್ವಂತ ಮೊಬೈಲು, ವಾಟ್ಸಾಪ್ ಗ್ರೂಪು, ಫೀ ಸಾಫ್ಟ್‌ವೇರು, ಕೆಲಸ ಬಿಟ್ಟು ಹೋದ ಶಿಕ್ಷಕರ ಲ್ಯಾಪ್‌ಟಾಪು. ನನ್ನ ಮಟ್ಟಿಗೆ ವಕೀಲರ ನಿಜವಾದ ಕೆಲಸ ಇದೇ. ಈ ಪಟ್ಟಿ ಸರಿಯಾದರೆ ಉಳಿದದ್ದು ಹಗುರ.

ಇನ್ನು ಮಕ್ಕಳ ವಿಷಯ. 18 ವರ್ಷ ತುಂಬದವರ ಮಾಹಿತಿಗೆ ತಂದೆ ತಾಯಿ ಅಥವಾ ಪೋಷಕರ ಒಪ್ಪಿಗೆ ಬೇಕು, ಕೊಟ್ಟವರು ಅವರೇ ಎಂದು ಖಚಿತಪಡಿಸಿಕೊಳ್ಳಬೇಕು. ಪಾಠಕ್ಕಾಗಿ, ಮಕ್ಕಳ ಸುರಕ್ಷತೆಗಾಗಿ ಅವರ ಮೇಲೆ ನಿಗಾ ಇಡಲು ಶಿಕ್ಷಣ ಸಂಸ್ಥೆಗಳಿಗೆ ನಿಯಮದಲ್ಲಿ ವಿನಾಯಿತಿ ಇದೆ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಮಗುವಿನ ಫೋಟೊ, ಅಂಕ ಹಾಕಿ ಕಟ್ಟುವ ಫ್ಲೆಕ್ಸಿಗೆ ಆ ವಿನಾಯಿತಿಯನ್ನು ನಂಬಬೇಡಿ. ಅದಕ್ಕೆ ಬೇರೆಯೇ ಒಪ್ಪಿಗೆ ಕೇಳಿ. ಬೇಡ ಎಂದವರ ಮಗುವಿಗೆ ಸೀಟು ನಿರಾಕರಿಸಬೇಡಿ. ಮಕ್ಕಳ ನಂಬರುಗಳ ಪಟ್ಟಿಯನ್ನು ಕಾಲೇಜು ಏಜೆಂಟರಿಗೆ ಕೊಡುವುದಂತೂ ಇಂದೇ ನಿಲ್ಲಬೇಕು. ಪಾಲಕರು ನಿಮ್ಮನ್ನು ನಂಬಿ ಕೊಟ್ಟ ನಂಬರ್ ಅದು.

ಈಗ ಬರೆಯಲು ಕೂರಿ. ಒಂದು ಪುಟ ಸಾಕು. ಯಾವ ಮಾಹಿತಿ, ಯಾವ ಕೆಲಸಕ್ಕೆ, ಒಪ್ಪಿಗೆ ವಾಪಸ್ ಪಡೆಯುವುದು ಹೇಗೆ, ಡೇಟಾ ಸಂರಕ್ಷಣಾ ಮಂಡಳಿಗೆ (ಈ ಕಾಯ್ದೆಯಡಿ ದೂರು ವಿಚಾರಿಸುವ ಸಂಸ್ಥೆ) ದೂರು ಕೊಡುವುದು ಹೇಗೆ. ಇಂಗ್ಲಿಷ್ ಅಥವಾ ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಯಾವುದರಲ್ಲಾದರೂ ಓದುವ ಆಯ್ಕೆ ಪಾಲಕರಿಗೆ ಇರಬೇಕು. ಬೆಳಗಾವಿಯಲ್ಲಿ ಕನ್ನಡ, ಮರಾಠಿ, ಉರ್ದು, ಕೊಂಕಣಿ ಮನೆಗಳಿವೆ, ನಾಲ್ಕೂ ಆ ಪಟ್ಟಿಯಲ್ಲಿವೆ. ಕನ್ನಡ, ಮರಾಠಿ ಪ್ರತಿಗಳನ್ನಾದರೂ ಮೊದಲೇ ಮುದ್ರಿಸಿಡಿ. ಒಪ್ಪಿಗೆ ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಆಗಬೇಕು. ಒಂದು ಮೆಸೇಜಿನಲ್ಲಿ ಕೊಟ್ಟದ್ದಕ್ಕೆ ಆಫೀಸಿಗೆ ನಾಲ್ಕು ಸಲ ಅಲೆಸುವಂತಿಲ್ಲ.

ಫೀ ಸಾಫ್ಟ್‌ವೇರ್ ಕೊಟ್ಟವರ ಜೊತೆ ಲಿಖಿತ ಕರಾರು ಮಾಡಿಕೊಳ್ಳಿ. ಅವರ ಕಡೆಯಿಂದ ಸೋರಿದರೂ ಕಾನೂನು ಕೇಳುವುದು ನಿಮ್ಮನ್ನೇ. ಸರಿಯಾದ ಭದ್ರತೆ ಇಡದಿದ್ದರೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಣ್ಣ ಕ್ಲಾಸಿಗೆ ಅಷ್ಟೇ ಬೀಳುತ್ತದೆ ಎಂದಲ್ಲ, ತಪ್ಪಿನ ಗಾತ್ರ, ಪರಿಣಾಮ ನೋಡಿ ಮಂಡಳಿ ನಿರ್ಧರಿಸುತ್ತದೆ.

ಡೇಟಾ ಸೋರಿದರೆ ಏನು ಮಾಡಬೇಕು ಎಂದು ಈಗಲೇ ಬರೆದಿಡಿ. ಪಾಲಕರಿಗೂ ಮಂಡಳಿಗೂ ತಡಮಾಡದೆ ತಿಳಿಸಬೇಕು. ಗೊತ್ತಾದ 72 ಗಂಟೆಯೊಳಗೆ ಮಂಡಳಿಗೆ ಪೂರ್ತಿ ವಿವರ ಹೋಗಬೇಕು. ಗಾಬರಿಯಲ್ಲಿ ಕಂಪ್ಯೂಟರ್ ಫಾರ್ಮ್ಯಾಟ್ ಮಾಡಬೇಡಿ. ಏನಾಯಿತು ಎಂಬ ಸಾಕ್ಷ್ಯ ಅದರಲ್ಲೇ ಇರುತ್ತದೆ.