ಹೊಸಂಗಡಿಯ ಗೂಡಂಗಡಿಯಲ್ಲಿ ನಾಲ್ಕು ತಿಂಗಳು

ಎಂ.ಎ. ಎರಡನೇ ವರ್ಷದ ಪ್ರಬಂಧಕ್ಕೆ ವಿಷಯ ಕೇಳಿದಾಗ ನಾನು ಭೂತಕೋಲ ಎಂದು ಬರೆದುಕೊಟ್ಟೆ. ಕಾಸರಗೋಡಿನವರು ಸಂಸ್ಕೃತಿ ಅಂದರೆ ಕೋಲ, ತೆಯ್ಯಂ, ಯಕ್ಷಗಾನ ಬಿಟ್ಟು ಇನ್ನೇನು ಬರೆಯುತ್ತಾರೆ? ಗೈಡ್ ಮೇಡಂ ಹಾಳೆ ಹಿಂದಕ್ಕೆ ಕೊಟ್ಟು, "ಕೋಲ ವರ್ಷಕ್ಕೊಮ್ಮೆ. ಉಳಿದ 364 ದಿನ ನಿಮ್ಮೂರಲ್ಲಿ ಎಂತ ಆಗ್ತದೆ?" ಎಂದರು.

ಬರ್ಮಿಂಗ್ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ರಿಚರ್ಡ್ ಹೊಗ್ಗಾರ್ಟ್ ಶುರುಮಾಡಿ, ಮುಂದೆ ಸ್ಟುವರ್ಟ್ ಹಾಲ್ ಬೆಳೆಸಿದ ಸಮಕಾಲೀನ ಸಂಸ್ಕೃತಿ ಅಧ್ಯಯನ ಕೇಂದ್ರದ ಬಗ್ಗೆ ಪರೀಕ್ಷೆಯಲ್ಲಿ ಎರಡು ಪುಟ ಗೀಚಿದವನು ನಾನು. ಟಿ.ವಿ., ಹದಿಹರೆಯದವರ ಬಟ್ಟೆಬರೆ ಎಲ್ಲವೂ ಅಧ್ಯಯನದ ವಸ್ತುವೇ ಎಂದು ಬರೆದು ಅಂಕ ತೆಗೆದುಕೊಂಡಿದ್ದೆ. ನಮ್ಮ ಬಸ್ ಸ್ಟ್ಯಾಂಡಿನ ಗೂಡಂಗಡಿಯೂ ಆ ಪಟ್ಟಿಗೆ ಸೇರುತ್ತದೆ ಎಂಬುದು ಮಾತ್ರ ಹೊಳೆದಿರಲಿಲ್ಲ.

ಮೊದಲು ಪ್ರಶ್ನಾವಳಿ ಹಿಡಿದು ಹೊರಟೆ. ಮಂಜೇಶ್ವರ, ಉಪ್ಪಳ ಸುತ್ತಿ 40 ಮನೆಗಳಲ್ಲಿ "ಮನೆಯಲ್ಲಿ ಯಾವ ಭಾಷೆ ಮಾತಾಡ್ತೀರಿ?" ಎಂದು ಕೇಳಿದೆ. ಒಬ್ಬ ಹಿರಿಯರು "ಕನ್ನಡ. ಬರೆದುಕೊಳ್ಳಿ, ಕನ್ನಡ" ಎಂದು ಒತ್ತಿ ಹೇಳಿದರು. ಅಷ್ಟರಲ್ಲಿ ಒಳಗಿಂದ ಅವರ ಹೆಂಡತಿ ತುಳುವಿನಲ್ಲಿ ಏನೋ ಕೇಳಿದರು, ಇವರು ತುಳುವಿನಲ್ಲೇ ಉತ್ತರ ಕೊಟ್ಟು ನನ್ನ ಕಡೆ ತಿರುಗಿ ಪುನಃ ಕನ್ನಡಕ್ಕೆ ಬಂದರು. ಅವರು ಸುಳ್ಳು ಹೇಳಿದ್ದಲ್ಲ. 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿದ ಊರಲ್ಲಿ ಕಾಗದ ಹಿಡಿದು ಬಂದವರು ಭಾಷೆ ಕೇಳಿದರೆ ಅದು ಗಣತಿಯ ಪ್ರಶ್ನೆ. ಶಾಲೆಯಲ್ಲಿ ಕನ್ನಡ ಉಳಿಯುತ್ತದಾ, ಕಚೇರಿಯ ಅರ್ಜಿ ಕನ್ನಡದಲ್ಲಿ ಸಿಗುತ್ತದಾ ಎಂಬ ಪ್ರಶ್ನೆ. ಅದಕ್ಕೆ ಕೊಡಬೇಕಾದ ಉತ್ತರ ಕೊಟ್ಟರು, ಅಷ್ಟೆ. ಆ 40 ಹಾಳೆ ಈಗಲೂ ಅಟ್ಟದಲ್ಲಿ ಬಿದ್ದಿವೆ.

ಆಮೇಲೆ ಹೊಸಂಗಡಿಯಲ್ಲಿ ಅಕ್ಕನೊಬ್ಬರ ಅಂಗಡಿಯಲ್ಲಿ ಸ್ಟೂಲು ಹಾಕಿ ಕೂತೆ. ನೇಂದ್ರ ಬಾಳೆಗೊನೆ, ಸೋಡಾ ಶರಬತ್ತು, ಕಡ್ಲೆ ಮಿಠಾಯಿ, ಕೇರಳ ಲಾಟರಿ. ಹೆದ್ದಾರಿ ಅಗಲವಾದಾಗ ಸರ್ವೀಸ್ ರಸ್ತೆಯ ಬದಿಗೆ ಸರಿದ ಅಂಗಡಿ. "ಪಂಚಾಯ್ತಿಂದ ಬಂದದ್ದಾ?" ಎಂದು ಕೇಳಿದರು. ಅಲ್ಲವೆಂದು ವಿವರಿಸಿದ ಮೇಲೆ ಒಪ್ಪಿದರು. "ಬರೀರಿ ಮಾರಾಯ್ರೆ, ಆದ್ರೆ ಹೆಸರು ಬೇಡ. ಮಗಳಿಗೆ ಗಂಡು ನೋಡ್ತಾ ಇದ್ದೇವೆ."

ಮೊದಲ ತಿಂಗಳು ಪೂರ್ತಿ ದಂಡ. ದಿನವಿಡೀ ಕೇಳಿಸಿಕೊಂಡು ರಾತ್ರಿ ಮನೆಯಲ್ಲಿ ಕೂತು ಬರೆಯುತ್ತಿದ್ದೆ. "ಗ್ರಾಹಕರು ತಂಪು ಪಾನೀಯವನ್ನು ಕೇಳಿದರು." ಮೇಡಂ ಆ ಸಾಲಿಗೆ ಗೆರೆ ಎಳೆದು, "ನಿಮ್ಮೂರಲ್ಲಿ ಹೀಗೆ ಕೇಳಿದ್ರೆ ಸೋಡಾ ಕೊಡ್ತಾರಾ?" ಎಂದರು. ಎಲ್ಲರ ಬಾಯಿಗೂ ನನ್ನ ಪಠ್ಯಪುಸ್ತಕದ ಕನ್ನಡ ತುರುಕಿದ್ದೆ. ಅಲ್ಲಿಂದ ಮುಂದೆ ಹಳೆಯ ಲಾಟರಿ ಟಿಕೆಟಿನ ಹಿಂಬದಿಯಲ್ಲೇ ಆಗಿಂದಾಗ್ಗೆ ಗುರುತು ಹಾಕಿಕೊಂಡೆ. ಸಮಯ, ಯಾರು, ಕಿವಿಗೆ ಬಿದ್ದ ಮೊದಲ ಮಾತು. ವಾಕ್ಯ ಮಾಡಲು ಹೋಗಲಿಲ್ಲ. ತುಳು, ಮಲಯಾಳ, ಬ್ಯಾರಿ, ಎಲ್ಲವನ್ನೂ ಕನ್ನಡ ಲಿಪಿಯಲ್ಲಿ ಕೇಳಿದ ಹಾಗೆಯೇ ಬರೆದೆ.

ಆ ಟಿಕೆಟುಗಳನ್ನು ಚಾಪೆಯ ಮೇಲೆ ಹರಡಿದಾಗ ಒಂದು ವಿಷಯ ಕಂಡಿತು. ಅಕ್ಕ ಮೊದಲು ಭಾಷೆ ಆರಿಸುತ್ತಿರಲಿಲ್ಲ, ಸಂಬಂಧ ಆರಿಸುತ್ತಿದ್ದರು. ರಸ್ತೆ ದಾಟಿ ಬರುವವರನ್ನು ನೋಡಿಯೇ ಮುಸ್ಲಿಮರಾದರೆ "ಇಚ್ಚ", ಮಲಯಾಳದವರಾದರೆ "ಏಟ್ಟ", ತುಳು-ಕನ್ನಡದವರಾದರೆ "ಅಣ್ಣ", ಕೊಂಕಣಿಯವರಾದರೆ "ಮಾಮ್" ಎಂದು ಕರೆಯುವುದು. ಭಾಷೆ ಅದರ ಬಾಲ ಹಿಡಿದು ಹಿಂದೆ ಬರುತ್ತದೆ. ಒಮ್ಮೊಮ್ಮೆ ತಪ್ಪುವುದೂ ಉಂಟು. ಮುಂಡು ಮಡಚಿಕಟ್ಟಿ ಬಂದ ಹುಡುಗನಿಗೆ ಮಲಯಾಳದಲ್ಲಿ "ಎಂದಾ ಏಟ್ಟಾ" ಎಂದರು, ಅವನು "ಒಂಜಿ ಸೋಡಾ ಅಕ್ಕ" ಎಂದ. ಇಬ್ಬರೂ ನಕ್ಕು ತುಳುವಿಗೆ ಇಳಿದರು. ಪ್ರಬಂಧದ ಮುಖ್ಯ ಅಧ್ಯಾಯ ಇದೇ ಆಯಿತು. ಸಿದ್ಧಾಂತದ ಅಧ್ಯಾಯ ಹೇಗೋ ಆಯಿತು, ಅದನ್ನು ಯಾರೂ ಓದುವುದಿಲ್ಲ ಬಿಡಿ.

ಸಲ್ಲಿಸುವ ಮೊದಲು ಅಕ್ಕನಿಗೆ ಆ ಅಧ್ಯಾಯ ಓದಿ ಹೇಳಿದೆ. ಬಾಳೆಹಣ್ಣು ತೂಗುತ್ತಾ ಕೇಳುತ್ತಿದ್ದವರು ಒಂದು ಕಡೆ ತಡೆದರು. ಚಿಲ್ಲರೆ ಕೊಡುತ್ತಾ ಅವರು "ಹನ್ನೆರಡು" ಎಂದರೆಂದು ನಾನು ಬರೆದಿದ್ದೆ.

"ಅದು ನಾನಲ್ಲ. ನಾನು ತುಳುವಲ್ಲಿ ಪದ್ರಾಡ್ ಅಂತಲೇ ಎಣಿಸುದು."

"ಆದ್ರೆ ಆ ಗಿರಾಕಿ ಹತ್ರ ಕನ್ನಡದಲ್ಲೇ ಮಾತಾಡ್ತಾ ಇದ್ರಲ್ಲ ಅಕ್ಕ?"

"ಮಾತು ಅವರಿಗೆ. ಲೆಕ್ಕ ನನಗಲ್ವಾ?"

ನಾಲ್ಕು ತಿಂಗಳು ಅವರ ತುಟಿ ಅಲುಗುವುದನ್ನು ನೋಡಿದ್ದೆ, ಕಿವಿ ಕೊಟ್ಟಿರಲಿಲ್ಲ. ಮೇಡಂ ಹತ್ತಿರ ಹತ್ತು ದಿನ ಅವಧಿ ಕೇಳಿಕೊಂಡು ಮತ್ತೆ ಸ್ಟೂಲು ಎಳೆದೆ, ಈ ಸಲ ಗಲ್ಲಾಪೆಟ್ಟಿಗೆಯ ಪಕ್ಕಕ್ಕೆ. ಇಚ್ಚನ ಹತ್ತಿರ, ಏಟ್ಟನ ಹತ್ತಿರ, ಮಾಮ್ ಹತ್ತಿರ ಏನೇ ಮಾತಾಗಲಿ, ನೋಟು ಕೈಗೆ ಬಂದೊಡನೆ ಬಾಯೊಳಗೇ "ಪತ್ತ್, ಇರ್ವ, ಮುಪ್ಪ, ನಲ್ಪ."