ಆಗುಂಬೆಯ ಮಳೆ: ಮಾಪಕದ ಲೆಕ್ಕ, ಉಪಗ್ರಹದ ಲೆಕ್ಕ

ಆಗುಂಬೆಯಲ್ಲಿ ಮಾಪಕ ಅಳೆದ ಮಳೆಯನ್ನು ಉಪಗ್ರಹದ ಅಂಕಿಯೊಡನೆ ಹೋಲಿಸುವುದಾದರೆ, ಮೊದಲು ನೆಲದ ಲೆಕ್ಕ ಸರಿಯಿರಲಿ. ಮಳೆಮಾಪಕದ ಬಾಯಿ ನೆಲದಿಂದ 30 ಸೆಂ.ಮೀ. ಎತ್ತರದಲ್ಲಿ ಮಟ್ಟವಾಗಿರಬೇಕು, ಹತ್ತಿರದ ಮರ, ಮಾಡುಗಳಿಂದ ಅವುಗಳ ಎತ್ತರದ ಎರಡು ಪಟ್ಟಾದರೂ ದೂರವಿರಬೇಕು. ಅಡಿಕೆ ತೋಟದೊಳಗೆ ಇಟ್ಟರೆ ಅಳೆಯುವುದು ಮಳೆಯನ್ನಲ್ಲ, ಸೋಗೆಯಿಂದ ತೊಟ್ಟಿಕ್ಕುವ ನೀರನ್ನು. 200 ಚದರ ಸೆಂ.ಮೀ. ಬಾಯಿಗೆ 1 ಮಿ.ಮೀ. ಮಳೆ ಎಂದರೆ 20 ಮಿ.ಲೀ. ನೀರು. ಹಾಗಾಗಿ 4 ಲೀಟರ್ ಬಾಟಲಿ 200 ಮಿ.ಮೀ.ಗೇ ತುಂಬಿಹೋಗುತ್ತದೆ, ಆಷಾಢದ ಆಗುಂಬೆಗೆ ಅದು ಸಾಲದು, 10 ಲೀಟರಿನದೇ ಇಡಿ. ಓದುವ ಹೊತ್ತು ಬೆಳಿಗ್ಗೆ 8:30.

ಇನ್ನು ಉಪಗ್ರಹ. ಉಪಗ್ರಹಗಳಿಂದ ಅಂದಾಜಿಸಿದ ಮಳೆಯ ಲೆಕ್ಕವಾದ ನಾಸಾದ ಐಮರ್ಗ್ (IMERG) ದತ್ತಾಂಶ ಉಚಿತ, ಒಂದೊಂದು ಅಂಕಿ 0.1 ಡಿಗ್ರಿ ಚೌಕಕ್ಕೆ, ಅಂದರೆ ಬದಿ ಸುಮಾರು 11 ಕಿ.ಮೀ. ಹೆಚ್ಚಿನವರು ಎಡವುವುದು ಇಲ್ಲೇ: ದಿನದ ಕಡತ ಜಾಗತಿಕ ಕಾಲಮಾನದ್ದು (UTC), ನಮ್ಮ ಬೆಳಿಗ್ಗೆ 5:30ರಿಂದ ಮರುದಿನ 5:30ರವರೆಗೆ. ಮಾಪಕದ ಜೊತೆ ಮೂರು ಗಂಟೆ ಹೊಂದುವುದಿಲ್ಲ. ಅರ್ಧ ಗಂಟೆಯ ಕಡತಗಳನ್ನೇ ಇಳಿಸಿಕೊಂಡು, ಜಾಗತಿಕ ಕಾಲಮಾನ 03:00ರಿಂದ, ಅಂದರೆ ನಮ್ಮ 8:30ರಿಂದ, 48 ಕಡತ ಕೂಡಿಸಿ. ಅಂಕಿಗಳು ಗಂಟೆಗೆ ಮಿ.ಮೀ. ಲೆಕ್ಕದಲ್ಲಿವೆ, ಪ್ರತಿಯೊಂದನ್ನೂ 0.5ರಿಂದ ಗುಣಿಸದಿದ್ದರೆ ಮಳೆ ಎರಡು ಪಟ್ಟು ಕಾಣುತ್ತದೆ.

ಇಷ್ಟಾದರೂ ಉಪಗ್ರಹದ ಅಂಕಿ ಕಡಿಮೆ ಬರಬಹುದು. ಘಟ್ಟಕ್ಕೆ ಬಡಿದು ಏರುವ ತೇವದ ಗಾಳಿ ತಗ್ಗಿನ, ಬೆಚ್ಚನೆಯ ಮೋಡಗಳಿಂದಲೇ ಸುರಿಸಿಬಿಡುತ್ತದೆ; ಅವುಗಳಲ್ಲಿ ಹಿಮಕಣ ಕಡಿಮೆ, ನೆಲದ ಮೇಲೆ ಮಳೆಯನ್ನು ಬಹುಮಟ್ಟಿಗೆ ಹಿಮಕಣದಿಂದಲೇ ಊಹಿಸುವ ಉಪಗ್ರಹದ ಸಂವೇದಕಕ್ಕೆ ಸುಳಿವೂ ಕಡಿಮೆ. ಮೇಲಾಗಿ ಒಂದೇ ಚೌಕದಲ್ಲಿ ಘಟ್ಟದ ಅಂಚೂ ಬುಡವೂ ಸೇರಿಕೊಳ್ಳಬಹುದು. ಆಗುಂಬೆಯಲ್ಲಿ ಕಂಡ ವ್ಯತ್ಯಾಸವನ್ನು ಶಿವಮೊಗ್ಗಕ್ಕೆ ಹಚ್ಚಬೇಡಿ. ದಿನದ ಬದಲು ಹತ್ತು ದಿನಗಳ ಮೊತ್ತ ಹೋಲಿಸಿದರೆ ಅಂಕಿಗಳ ಅಡ್ಡಾದಿಡ್ಡಿ ಏರುಪೇರು ಇಳಿಯುತ್ತದೆ. ಮಾಪಕ ತುಂಬಿ ಹರಿದ ದಿನಗಳನ್ನು ಸೊನ್ನೆ ಎಂದಲ್ಲ, ಅಂಕಿ ಇಲ್ಲ ಎಂದೇ ಗುರುತಿಸಿ.